ಗುಬ್ಬಿ ಬಿದ್ದ ಮೇಲೆ

ಗಂಡುಮಕ್ಕಳಿಗೆ ಏರ್‌ಗನ್ ಕೊಡಿಸುವುದು ಒಂದು ಕಾಲಕ್ಕೆ ಉಳ್ಳವರ ಮನೆಯ ಸಂಭ್ರಮವಾಗಿತ್ತು. ಅದಕ್ಕೆ ಮದ್ದು ಬೇಡ, ಹೊಗೆಯೂ ಇಲ್ಲ. ಒತ್ತಿ ಹಿಡಿದ ಗಾಳಿಯೇ ಸೀಸದ ಪುಟ್ಟ ಗುಂಡನ್ನು ಚಿಮ್ಮಿಸುತ್ತದೆ. ಹಾಗಾಗಿ ಹಿರಿಯರು ಅದನ್ನು ಆಟಿಕೆಯೆಂದೇ ಬಗೆದರು. ಗುರಿ ಮಾತ್ರ ಜೀವವಿರುವ ಹಕ್ಕಿಯಾಗಿತ್ತು.

ಪಕ್ಷಿತಜ್ಞ ಸಲೀಂ ಅಲಿಯವರ ಬಾಲ್ಯವೂ ಇಂಥದೇ. 1896ರಲ್ಲಿ ಮುಂಬಯಿಯಲ್ಲಿ ಹುಟ್ಟಿ, ಎಳವೆಯಲ್ಲೇ ತಂದೆತಾಯಿಯನ್ನು ಕಳೆದುಕೊಂಡ ಅವರನ್ನು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮತ್ತು ಅತ್ತೆ ಹಮೀದಾ ಬೇಗಂ ಸಾಕಿದರು. 1906-07ರ ಸುಮಾರಿಗೆ ಆ ಹುಡುಗ, ಗೂಡಿನ ಬಳಿಯ ಮೊಳೆಯ ಮೇಲೆ ಕಾವಲು ಕುಳಿತ ಗಂಡುಗುಬ್ಬಿಯನ್ನು ಗಾಡಿಯ ಮರೆಯಿಂದ ಹೊಡೆದ. ಒಳಗೆ ಹೆಣ್ಣು ಮೊಟ್ಟೆಗಳ ಮೇಲಿತ್ತು. ಸ್ವಲ್ಪ ಹೊತ್ತಿನಲ್ಲೇ ಇನ್ನೊಂದು ಗಂಡು ಬಂದು ಕುಳಿತಿತು, ಅದನ್ನೂ ಹೊಡೆದ. ಮುಂದಿನ 7 ದಿನಗಳಲ್ಲಿ 8 ಗಂಡುಗುಬ್ಬಿಗಳು ಸತ್ತವು. ಓದುವಾಗ ನಮ್ಮ ಕರುಳು ಚುರುಕ್ಕೆನ್ನುತ್ತದೆ. ಆದರೆ ಹುಡುಗ ಕಂಡದ್ದನ್ನೆಲ್ಲ ಬರೆದಿಟ್ಟಿದ್ದ.

ಮುಂದೊಂದು ದಿನ ಅವನು ಹೊಡೆದ ಗುಬ್ಬಿಯ ಕೊರಳಲ್ಲಿ ಅರಿಶಿನ ಹಚ್ಚಿದಂತೆ ಹಳದಿ ಮಚ್ಚೆಯಿತ್ತು. ಇದನ್ನು ತಿನ್ನಬಹುದೇ ಎಂದು ಮಾವನನ್ನು ಕೇಳಿದ. ಮಾವ ‘ಭಲೇ ಬೇಟೆಗಾರ’ ಎಂದು ಹೊಗಳಿ ಸುಮ್ಮನಾಗಬಹುದಿತ್ತು, ಗದರಿ ಕಳಿಸಲೂಬಹುದಿತ್ತು. ಎರಡನ್ನೂ ಮಾಡದೆ ಒಂದು ಚೀಟಿ ಬರೆದುಕೊಟ್ಟು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿದರು. ಅಲ್ಲಿನ ಕಾರ್ಯದರ್ಶಿ ಮಿಲಾರ್ಡ್ ಹಕ್ಕಿಯ ಹೆಸರು ಹೇಳಿ, ಸಂಗ್ರಹದ ಬೀರುಗಳನ್ನು ತೆರೆದು ತೋರಿಸಿದರು. ಅದು 1908ರ ಮಾತು.

ಅದೇ ಹುಡುಗ ಬೆಳೆದು 1939-40ರಲ್ಲಿ ನಮ್ಮ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಅಧ್ಯಯನಕ್ಕಾಗಿ ಹಕ್ಕಿಗಳನ್ನು ಹೊಡೆಯುವುದು ಆಗಿನ ಪದ್ಧತಿ, ಅವರೂ ಹೊಡೆದರು. ಆದರೂ ಹಕ್ಕಿಗಳ ಉಳಿವಿಗಾಗಿ ಅವರಷ್ಟು ದುಡಿದವರು ವಿರಳ. 1985ರಲ್ಲಿ ಬಂದ ಆತ್ಮಕಥೆಗೆ ಆ ಗುಬ್ಬಿಯ ಪತನದ ಹೆಸರನ್ನೇ ಇಟ್ಟರು.

ಈಗ ಕಾಲ ಬದಲಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದಾಗಿ ಇಂದು ಮೊಲ, ಕಾಡುಕೋಳಿಗಳ ಬೇಟೆಯೂ ಅಪರಾಧ. ಅರುಣಾಚಲ ಪ್ರದೇಶದಲ್ಲಿ 2021ರಿಂದ ನಡೆದ ಅಭಿಯಾನದಲ್ಲಿ ಬೇಟೆಯ ರೂಢಿಯಿದ್ದ ಜನರೇ ತಮ್ಮ ಏರ್‌ಗನ್ನುಗಳನ್ನು ತಂದೊಪ್ಪಿಸಿದ್ದಾರೆ.

ಆದರೂ ಗುರಿಯಾಟದ ನೆಪದಲ್ಲಿ ಏರ್‌ಗನ್ ಮನೆಗೆ ಬರಬಹುದು. ಬಂದರೆ, ಅದರಲ್ಲಿ ಯಾವಾಗಲೂ ಗುಂಡಿದೆ ಎಂದೇ ತಿಳಿಯಬೇಕು. ತಮಾಷೆಗೂ ನಳಿಗೆಯನ್ನು ಯಾರತ್ತಲೂ ತಿರುಗಿಸಬಾರದು. ಹೊಡೆಯುವ ಕ್ಷಣದವರೆಗೆ ಬೆರಳು ಕುದುರೆಯ ಮೇಲಿರಬಾರದು. ಗುರಿಯ ಹಿಂದೆ ಏನಿದೆ, ಯಾರಿದ್ದಾರೆ ಎಂದು ಮೊದಲು ನೋಡಬೇಕು. ಕಲ್ಲುಗೋಡೆಗೆ ಬಡಿದ ಗುಂಡು ಹಿಂದಕ್ಕೆ ಚಿಮ್ಮಿ ಕಣ್ಣನ್ನೇ ತೆಗೆಯಬಲ್ಲದು. ಬಂದೂಕನ್ನೂ ಗುಂಡುಗಳನ್ನೂ ಬೇರೆ ಬೇರೆ ಬೀಗದಲ್ಲಿಟ್ಟು, ಬೀಗದ ಕೈ ನಮ್ಮ ಸೆರಗಿನಲ್ಲಿರಲಿ. ಹಿರಿಯರಿಲ್ಲದಾಗ ಅದು ಹೊರಬರಕೂಡದು.

ಸಲೀಂ ಅಲಿಯವರ ಕಥೆ ಹೇಳಿದಾಗ, ‘ನಮಗೂ ಏರ್‌ಗನ್ ಕೊಡಿಸಿದರೆ ವಿಜ್ಞಾನಿಗಳಾಗುತ್ತೇವೆ’ ಎನ್ನುವ ತುಂಟರು ಪ್ರತಿ ತರಗತಿಯಲ್ಲೂ ಇರುತ್ತಾರೆ. ಏರ್‌ಗನ್ ಇದ್ದ ಹುಡುಗರು ಆಗ ಮುಂಬಯಿಯಲ್ಲಿ ಎಷ್ಟೋ ಮಂದಿ ಇದ್ದರಪ್ಪಾ, ಆದರೆ ಕಂಡದ್ದನ್ನು ಬರೆದಿಟ್ಟವನು ಇವನು ಎನ್ನುತ್ತೇನೆ. ಒಂದು ನೋಟುಪುಸ್ತಕ, ಒಂದು ಪೆನ್ಸಿಲ್ಲು ನಾವೂ ಕೊಡಿಸಬಹುದಲ್ಲವೇ?