ಸಂಚಿ, ಸೆರಗು, ವ್ಯಾನಿಟಿ ಬ್ಯಾಗು

ಸೀರೆಗೆ ಜೇಬಿಲ್ಲ. ಗಂಡಸರ ಅಂಗಿಗೆ ಕಿಸೆ ಬಂದ ಎಷ್ಟೋ ಕಾಲದ ಮೇಲೂ ಕನ್ನಡ ನಾಡಿನ ಹೆಂಗಸರು ಚಿಲ್ಲರೆಯನ್ನು ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು, ಇಲ್ಲವೇ ಕುಪ್ಪಸದೊಳಗೆ ಇಟ್ಟುಕೊಳ್ಳುತ್ತಿದ್ದರು. ಜೊತೆಗಿದ್ದ ಚೀಲವೆಂದರೆ ಎಲೆ ಅಡಿಕೆಯ ಸಂಚಿ. ಉತ್ತರ ಕರ್ನಾಟಕದವರ ಬಾಯಲ್ಲಿ ಚಂಚಿ. ಬಟ್ಟೆಯ ಈ ಚೀಲದೊಳಗೆ ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು, ಹೊಗೆಸೊಪ್ಪಿಗೊಂದು ಅರೆ. ಬಾಯಿಗೆ ಪೋಣಿಸಿದ ದಾರ ಎಳೆದರೆ ಮುಚ್ಚಿಕೊಳ್ಳುತ್ತದೆ. ಕಾಸೂ ಅದರಲ್ಲೇ ಒಂದು ಮೂಲೆ ಸೇರುತ್ತಿತ್ತು. ನೋಡುವವರಿಗೆ ಅದು ಬರೀ ಎಲೆ ಅಡಿಕೆ ಚೀಲ. ಹಣ ಇಡಲು ಇದಕ್ಕಿಂತ ಒಳ್ಳೆಯ ಮರೆ ಬೇಕಿರಲಿಲ್ಲ.

ಸಂಚಿಗೆ ಅರಮನೆಯಲ್ಲೂ ಜಾಗವಿತ್ತು. ಹದಿನೇಳನೆಯ ಶತಮಾನದ ಕೊನೆಗೆ ಮೈಸೂರನ್ನು ಆಳಿದ ಚಿಕ್ಕದೇವರಾಜ ಒಡೆಯರ ರಾಣಿಗೆ ತಾಂಬೂಲದ ಸಂಚಿ ಹಿಡಿಯುವ ಊಳಿಗದಲ್ಲಿದ್ದ ಹೊನ್ನಮ್ಮ ‘ಹದಿಬದೆಯ ಧರ್ಮ’ ಬರೆದಳು. ಸಾಹಿತ್ಯ ಚರಿತ್ರೆ ಅವಳನ್ನು ಇಂದಿಗೂ ಸಂಚಿ ಹೊನ್ನಮ್ಮನೆಂದೇ ಕರೆಯುತ್ತದೆ.

ಸಂಚಿಯಂಥ ಚೀಲಗಳನ್ನು ಕೊಳ್ಳುವವರು ಕಡಿಮೆಯಿದ್ದರು. ಹಳೆಯ ಸೀರೆಯ ಅಂಚು, ರವಿಕೆ ಹೊಲಿದು ಮಿಕ್ಕ ಕಣದ ತುಂಡು ಸಾಕಾಗುತ್ತಿತ್ತು. ಲಂಬಾಣಿ ತಾಂಡಾಗಳಲ್ಲಿ ಮಾತ್ರ ಚೀಲಕ್ಕೆ ಕನ್ನಡಿ, ಕವಡೆ, ದಟ್ಟ ಕಸೂತಿಯ ಮೆರುಗು. ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದ ಸಂಡೂರಿನ ಲಂಬಾಣಿ ಕಸೂತಿಯಿಂದಾಗಿ ಈಗ ಅವೇ ಚೀಲಗಳು ಪಟ್ಟಣದ ಮಳಿಗೆಗಳಲ್ಲಿ ಮಾರಾಟಕ್ಕಿವೆ. ತಾಂಡಾದವರು ತಮಗಾಗಿ ಹೊಲಿದುಕೊಂಡದ್ದನ್ನು ಪೇಟೆಯವರು ಬೆಲೆ ಕೊಟ್ಟು ಒಯ್ಯುತ್ತಾರೆ.

ಮನೆಯೊಳಗಿನ ಉಳಿತಾಯದ ಜಾಗಗಳೇ ಬೇರೆ: ಸಾಸಿವೆ ಡಬ್ಬಿ, ಅಕ್ಕಿ ಡಬ್ಬ, ಟ್ರಂಕಿನ ತಳದ ಸೀರೆ ಮಡಿಕೆ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಮಹಿಳೆಯರ ಆಸ್ತಿಹಕ್ಕಿಗೆ ಕಾನೂನು ತಂದಿತ್ತು. ಆದರೂ ದಿನದ ಖರ್ಚಿನ ಲೆಕ್ಕ ಗಂಡಸರ ಕೈಯಲ್ಲೇ ಇದ್ದ ಮನೆಗಳಲ್ಲಿ ಹೆಂಗಸಿಗೆ ತನ್ನದೆಂಬ ಹಣ ಈ ಡಬ್ಬಿಗಳಲ್ಲಿತ್ತು. 2016ರ ನವೆಂಬರ್ 8ರಂದು 500 ಮತ್ತು 1000 ರೂಪಾಯಿ ನೋಟುಗಳು ರದ್ದಾದಾಗ ಅದೂ ಬಯಲಿಗೆ ಬಂತು. ಗಂಡನಿಗೂ ಗೊತ್ತಿರದ ಮಡಿಕೆ ನೋಟುಗಳನ್ನು ಬ್ಯಾಂಕಿಗೆ ಕಟ್ಟದೆ ಗತಿಯಿರಲಿಲ್ಲ.

ವ್ಯಾನಿಟಿ ಬ್ಯಾಗಿಗೆ ದಾರಿ ಮಾಡಿದ್ದು ಫ್ಯಾಷನ್‌ಗಿಂತ ಹೆಚ್ಚಾಗಿ ಶಾಲೆ, ಆಸ್ಪತ್ರೆ, ಕಚೇರಿಯ ಕೆಲಸ ಮತ್ತು ಬಸ್ಸು. ಸಂಬಳ ತರುವ ಹೆಂಗಸಿಗೆ ಪಾಸು, ಪೆನ್ನು, ಕನ್ನಡಕ, ಕೀಲಿ, ಬುತ್ತಿ ಎಲ್ಲವೂ ಕೈಗೆಟುಕಬೇಕು. ಅಷ್ಟನ್ನು ಸೆರಗಿನ ಗಂಟು ಹೊರಲಾರದು. ಹೆಗಲಿಗೆ ನೇತುಹಾಕುವ ಬ್ಯಾಗು, ಅದರೊಳಗೆ ಜಿಪ್ಪಿನ ಸಣ್ಣ ಪರ್ಸು ಎಂಬ ಜೋಡಿ ಹೀಗೆ ರೂಢಿಗೆ ಬಂತು. ಆ ಸಣ್ಣ ಪರ್ಸನ್ನು ದುಡ್ಡು ಕೊಟ್ಟು ಕೊಳ್ಳಬೇಕೆಂದೂ ಇರಲಿಲ್ಲ: ಒಡವೆ ಕೊಂಡಾಗ ಚಿನ್ನದಂಗಡಿಯವರು ಹೆಸರು ಅಚ್ಚು ಹಾಕಿಸಿ ಕೊಡುವ ಪರ್ಸು ಜಿಪ್ಪು ಕಿತ್ತುಹೋಗುವವರೆಗೂ ಬಾಳುತ್ತಿತ್ತು. ಸಂತೆಗೆ ಮನೆಯಲ್ಲೇ ಹೆಣೆದ ವೈರ್ ಬ್ಯಾಗು, ಮದುವೆಗೆ ಜರಿಯ ಪುಟ್ಟ ಚೀಲ.

2023ರ ಜೂನ್ 11ರಂದು ಹೆಂಗಸರ ಉಚಿತ ಪ್ರಯಾಣದ ಶಕ್ತಿ ಯೋಜನೆ ಜಾರಿಯಾದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಂಗಸರು ಪರ್ಸು ತೆರೆದರೆ ಕೈಗೆ ಬರುವುದು ಚಿಲ್ಲರೆಯಲ್ಲ, ಆಧಾರ್ ಕಾರ್ಡು. ತರಕಾರಿಯವಳಿಗೂ ಫೋನಿನಿಂದಲೇ ಹಣ ಸಂದಾಯವಾಗುವ ಊರುಗಳಲ್ಲಿ ಹಲವರು ಪರ್ಸನ್ನೇ ಬಿಟ್ಟು, ಫೋನಿನ ಹಿಂಬದಿಯ ಕವರಿನಲ್ಲಿ ಕಾರ್ಡಿನ ಜೊತೆ ಒಂದೆರಡು ನೋಟು ಮಡಚಿಟ್ಟುಕೊಂಡು ಹೊರಡುತ್ತಾರೆ.