ವೈವಸ್ವತ ಮನು: ಸಂತತಿ ಮತ್ತು ಪರಂಪರೆ

ವೈವಸ್ವತ ಮನು ಮೀನಿನ ನೆರವಿನಿಂದ ಪ್ರಳಯ ದಾಟಿದ ಮೂಲಪುರುಷ, ಸೂರ್ಯನ ಮಗ. ಕಥೆಯ ಹಳೆಯ ರೂಪ ಶತಪಥ ಬ್ರಾಹ್ಮಣದಲ್ಲಿದೆ. ಗ್ರೀಕರಲ್ಲಿ ಇವನಿಗೆ ಸಾಟಿಯಾದವನು ಡ್ಯುಕಾಲಿಯನ್. ಅವನ ಮಗ ಹೆಲೆನ್‌ನಿಂದಲೇ ಗ್ರೀಕರು ತಮ್ಮ ಕುಲವನ್ನು ಎಣಿಸಿದರು. ಪುರಾಣಗಳ ಪ್ರಕಾರ ಮನುವಿನ ಮಗ ಇಕ್ಷ್ವಾಕುವಿನಿಂದ ಸೂರ್ಯವಂಶ, ಮಗಳು ಇಳೆಯಿಂದ ಚಂದ್ರವಂಶ ಬೆಳೆದವು.

ಅರಸರು ಈ ವಂಶಗಳಿಗೆ ತಮ್ಮನ್ನು ಸೇರಿಸಿಕೊಂಡದ್ದು ಚರಿತ್ರೆಯಲ್ಲ, ಮನ್ನಣೆಗಾಗಿ ಕಟ್ಟಿಕೊಂಡ ನಂಟು. ಆದರೂ ಕಾವೇರಿ–ಕಪಿಲೆಯರ ಸೀಮೆಯಲ್ಲಿ ಅದು ಆಳವಾಗಿ ಬೇರೂರಿದೆ. ತಿ. ನರಸೀಪುರ ತಾಲ್ಲೂಕಿನ ತಲಕಾಡಿನಿಂದ ಆಳಿದ ಗಂಗರನ್ನು ನಂತರದ ಶಾಸನಗಳು ಇಕ್ಷ್ವಾಕು ವಂಶಕ್ಕೆ ಸೇರಿಸುತ್ತವೆ. ಅದೇ ತಾಲ್ಲೂಕಿನ ಸೋಮನಾಥಪುರದಲ್ಲಿ ಕೇಶವ ದೇಗುಲ ಕಟ್ಟಿಸಿದ ಸೋಮನಾಥ ದಂಡನಾಯಕನ ಒಡೆಯರಾದ ಹೊಯ್ಸಳರು ಯದುಕುಲದವರೆನಿಸಿಕೊಂಡರು. ಯದು ಇಳೆಯ ಮಗ ಪುರೂರವನ ಪೀಳಿಗೆಯವನು. ನಂಜನಗೂಡಿನ ಶ್ರೀಕಂಠೇಶ್ವರ ದೇಗುಲವನ್ನು ಪೋಷಿಸಿದ ಮೈಸೂರು ಒಡೆಯರೂ ತಮ್ಮನ್ನು ಯದುವಂಶದವರೆಂದೇ ಕರೆದುಕೊಂಡರು.