ಚಿತ್ರದ ಹಿಂಬದಿ: ವೈದ್ಯರು, ಹೂದೋಟಗಳು ಮತ್ತು ಕನ್ನಡ ನಾಡಿನ ಹಳೆಯ ಛಾಯಾಚಿತ್ರಗಳು

ಅಲ್ ರಯ್ಯಾನಿನಲ್ಲಿ ಫೆಬ್ರವರಿ, ಮಾರ್ಚ್ ಎಂದರೆ ಹೊರಗೆ ಓಡಾಡುವ ತಿಂಗಳುಗಳು. ಮೇ ಬಂತೆಂದರೆ ಬಿಸಿಲು ನಮ್ಮನ್ನು ಹೊಸಿಲಲ್ಲೇ ತಡೆಯುತ್ತದೆ. ಹಾಗಾಗಿ ಕಳೆದ ವಸಂತದಲ್ಲಿ ನಾವು ನಾಲ್ಕೈದು ಮನೆಯವರು ಸೇರಿ ರಜೆಯ ದಿನಗಳಲ್ಲಿ ಒಂದೊಂದು ಕಡೆ ಹೋಗಿಬಂದೆವು. ಒಂದು ವಾರ ಆಸ್ಪೈರ್ ಪಾರ್ಕಿನ ಕೆರೆ ದಂಡೆ, ಇನ್ನೊಂದು ವಾರ ಎಜುಕೇಶನ್ ಸಿಟಿಯ ಆಕ್ಸಿಜನ್ ಪಾರ್ಕ್, ಮತ್ತೊಂದು ವಾರ ಕುರಾನ್ ಸಸ್ಯೋದ್ಯಾನ, ಆಮೇಲೆ ಮತಾಫ್ ಕಲಾ ಸಂಗ್ರಹಾಲಯ. ಎಲ್ಲರ ಕೈಯಲ್ಲೂ ಫೋನು. ಋತು ಮುಗಿಯುವ ಹೊತ್ತಿಗೆ ನನ್ನೊಬ್ಬನ ಫೋನಿನಲ್ಲೇ ಆರುನೂರಕ್ಕೂ ಹೆಚ್ಚು ಚಿತ್ರಗಳಿದ್ದವು.

ಅದೇ ದಿನಗಳಲ್ಲಿ ಊರಿನಿಂದ ತಂದಿದ್ದ ಹಳೆಯ ಆಲ್ಬಮ್ಮನ್ನು ಮೊಮ್ಮಗಳು ಬಿಚ್ಚಿ ಕೂತಳು. ಒಂದು ಕಪ್ಪುಬಿಳುಪು ಚಿತ್ರ. ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆ, ಫಲಪುಷ್ಪ ಪ್ರದರ್ಶನ. ಮುಂದೆ ನನ್ನ ಅಮ್ಮ, ಅವರ ಹೆಗಲ ಮೇಲೆ ಕೈಯಿಟ್ಟು ನಗುತ್ತಿರುವ ಇನ್ನೊಬ್ಬ ಹೆಂಗಸು, ನಡುವೆ ಚಡ್ಡಿ ತೊಟ್ಟ ನಾನು. ಹಿಂದೆ ಹೂಕುಂಡ ಹಿಡಿದು ನಿಂತ ಮಾಲಿ.

“ತಾತ, ಈ ಅಜ್ಜಿ ಯಾರು?” ಎಂದಳು.

ತಿರುಗಿಸಿ ನೋಡಿದೆ. ಹಿಂಬದಿ ಖಾಲಿ. ಕೇಳೋಣವೆಂದರೆ ಅಮ್ಮ ಇಲ್ಲ. ಅಮ್ಮನ ಹೆಗಲ ಮೇಲೆ ಅಷ್ಟು ಸಲಿಗೆಯಿಂದ ಕೈಯಿಟ್ಟವರು ಯಾರೋ ತೀರ ಹತ್ತಿರದವರೇ ಇರಬೇಕು. ನನಗೆ ಗೊತ್ತಿಲ್ಲ ಎನ್ನಬೇಕಾಯಿತು.

ಆ ಖಾಲಿ ಹಿಂಬದಿ ನನ್ನನ್ನು ಬಿಡಲಿಲ್ಲ. ನಮ್ಮ ನಾಡಿನ ತೋಟಗಳನ್ನೂ ಗುಡಿಗಳನ್ನೂ ಮೊದಮೊದಲು ಚಿತ್ರಿಸಿದವರು ಏನು ಬರೆದಿಟ್ಟರು, ಏನನ್ನು ಬಿಟ್ಟರು ಎಂದು ಓದತೊಡಗಿದೆ. ಓದಿದಂತೆಲ್ಲ ಒಂದು ಸಂಗತಿ ಕಣ್ಣಿಗೆ ಬಿತ್ತು. ಅವರಲ್ಲಿ ಹಲವರು ನನ್ನ ಕಸುಬಿನವರೇ, ವೈದ್ಯರು.

ಕ್ಯಾಮೆರಾ ಬರುವ ಮುನ್ನ

1799ರಲ್ಲಿ ಟಿಪ್ಪು ಮಡಿದ ಮೇಲೆ ಈಸ್ಟ್ ಇಂಡಿಯಾ ಕಂಪನಿ ಮೈಸೂರು ಸೀಮೆಯ ಪರಿಚಯಕ್ಕೆ ಕಳುಹಿಸಿದವರಲ್ಲಿ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕನನ್ ಒಬ್ಬ. 1800-01ರಲ್ಲಿ ಮದರಾಸಿನಿಂದ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿ, ಕಂಡದ್ದನ್ನು ದಿನಚರಿಯಂತೆ ಬರೆದ. 1807ರಲ್ಲಿ ಅದು ಮೂರು ಸಂಪುಟಗಳಾಗಿ ಅಚ್ಚಾಯಿತು. ಬೆಂಗಳೂರಿನಲ್ಲಿ ಅವನು ಹೈದರ್ ಮತ್ತು ಟಿಪ್ಪು ಬೆಳೆಸಿದ ತೋಟಗಳನ್ನು ನೋಡಿದ. ಚೌಕ ಚೌಕವಾದ ಮಡಿಗಳು, ನಡುವೆ ಕಾಲುದಾರಿ, ದಾರಿಯ ಎರಡೂ ಬದಿ ಸೈಪ್ರೆಸ್ ಮರಗಳ ಸಾಲು. ಒಂದು ಮಡಿಯಲ್ಲಿ ಬರೀ ಗುಲಾಬಿ, ಇನ್ನೊಂದರಲ್ಲಿ ಬರೀ ದಾಳಿಂಬೆ. ಗಿಡಕ್ಕೊಂದು ಮಡಿ ಎಂಬುದು ಮುಸಲ್ಮಾನರ ತೋಟದ ಪದ್ಧತಿ ಎಂದು ಗುರುತಿಸಿದ. ಕ್ಯಾಮೆರಾ ಇಲ್ಲದ ಕಾಲದಲ್ಲಿ ಆ ಬರವಣಿಗೆಯೇ ನಮಗೆ ಉಳಿದ ಚಿತ್ರ.

1840ರ ದಶಕದಲ್ಲಿ ಇನ್ನೊಬ್ಬ ವೈದ್ಯ, ಹ್ಯೂ ಕ್ಲೆಗಾರ್ನ್, ಶಿವಮೊಗ್ಗದಲ್ಲಿದ್ದ. ಕೆಲಸದ ನಡುವೆ ದಿನಕ್ಕೊಂದು ಗಿಡ ಎಂದು ನೇಮ ಹಾಕಿಕೊಂಡ. ಗಿಡವನ್ನು ಅವನು ಪರೀಕ್ಷಿಸುತ್ತಿದ್ದ, ಮರಾಠಿ ಚಿತ್ರಕಾರನೊಬ್ಬ ಅದರ ಚಿತ್ರ ಬರೆಯುತ್ತಿದ್ದ. ಮುಂದೆ ಕ್ಲೆಗಾರ್ನ್ ಮದರಾಸಿನ ಅರಣ್ಯಾಧಿಕಾರಿಯಾದ. 1856ರಲ್ಲಿ ಲಾಲ್‌ಬಾಗ್ ಸರಕಾರಿ ಸಸ್ಯೋದ್ಯಾನವಾಗಿ ನೆಲೆಗೊಳ್ಳುವಾಗ ಸಲಹೆ ಕೊಟ್ಟವನೂ ಅವನೇ. ಅವನು ಬರೆಯಿಸಿದ ಚಿತ್ರಗಳು ಇಂದು ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್ನಿನಲ್ಲಿವೆ. ಚಿತ್ರದಲ್ಲಿರುವ ಗಿಡಗಳಿಗೆ ಹೆಸರಿದೆ. ಶಿವಮೊಗ್ಗದಲ್ಲಿ ಕುಂಚ ಹಿಡಿದಿದ್ದ ಆ ಚಿತ್ರಕಾರನ ಹೆಸರಿಲ್ಲ.

ಔಷಧದ ಪೆಟ್ಟಿಗೆಯಿಂದ ಕತ್ತಲ ಕೋಣೆಗೆ

1855ರ ಸುಮಾರಿಗೆ ಕಂಪನಿ ಸರಕಾರ ಹಳೆಯ ಕಟ್ಟಡಗಳ ಛಾಯಾಚಿತ್ರ ತೆಗೆಸಲು ಮುಂದಾಯಿತು. ಮುಂಬಯಿ ಪ್ರಾಂತ್ಯದ ಕೆಲಸ ಮೊದಲು ಫಿರಂಗಿದಳದ ಥಾಮಸ್ ಬಿಗ್ಸ್ ಎಂಬ ಅಧಿಕಾರಿಗೆ ಸಿಕ್ಕಿತು. ಅವನು ವಿಜಾಪುರ, ಬಾದಾಮಿ, ಐಹೊಳೆಗಳಲ್ಲಿ ಚಿತ್ರ ತೆಗೆದ. ಅವನ ನಂತರ ಆ ಕೆಲಸಕ್ಕೆ ಬಂದವನು ಮುಂಬಯಿ ವೈದ್ಯಕೀಯ ಸೇವೆಯ ಡಾ. ವಿಲಿಯಂ ಹೆನ್ರಿ ಪಿಗೂ. ಗದಗ, ಲಕ್ಕುಂಡಿ, ಹರಿಹರದ ಗುಡಿಗಳನ್ನು ಅವನು ಕ್ಯಾಮೆರಾದಲ್ಲಿ ಹಿಡಿದ. ಮೈಸೂರು ಸೀಮೆಯ ಕಡೆ, ಹಳೇಬೀಡಿನಂಥ ಸ್ಥಳಗಳಲ್ಲಿ, ಚಿತ್ರ ತೆಗೆದವನು ಡಾ. ಎ. ಸಿ. ಬಿ. ನೀಲ್, ಅವನೂ ವೈದ್ಯ. ಪಿಗೂ 1858ರಲ್ಲೇ ತೀರಿಕೊಂಡ. ಮೂವರ ಚಿತ್ರಗಳೂ ಸೇರಿ 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ದೊಡ್ಡ ಪುಸ್ತಕವಾಯಿತು. ಅದಕ್ಕೆ ಇತಿಹಾಸದ ಭಾಗ ಬರೆದವನು ಸುರಪುರದಲ್ಲಿ ಆಡಳಿತ ನಡೆಸಿದ್ದ ಮೆಡೋಸ್ ಟೇಲರ್.

ಈ ಕೆಲಸಕ್ಕೆ ವೈದ್ಯರೇ ಏಕೆ? ಕಾರಣ ಅವರ ಔಷಧದ ಪೆಟ್ಟಿಗೆಯಲ್ಲೇ ಇತ್ತು ಎಂದು ನನಗನ್ನಿಸುತ್ತದೆ. ಅಂದಿನ ಛಾಯಾಚಿತ್ರಕ್ಕೆ ಬೇಕಾದ ಸಿಲ್ವರ್ ನೈಟ್ರೇಟನ್ನು ವೈದ್ಯರು ಹುಣ್ಣು ಸುಡಲು ಬಳಸುತ್ತಿದ್ದರು. 1880ರ ದಶಕದಿಂದ ಹುಟ್ಟಿದ ಕೂಸಿನ ಕಣ್ಣಿಗೆ ಹಾಕುತ್ತಿದ್ದ ಹನಿಯೂ ಅದೇ. ಗಾಜಿನ ತಟ್ಟೆಗೆ ಬಳಿಯುತ್ತಿದ್ದ ಕೊಲೋಡಿಯನ್, ಗಾಯದ ಮೇಲೆ ಪೊರೆ ಕಟ್ಟಿಸುವ ಔಷಧ. ಚಿತ್ರವನ್ನು ಮೂಡಿಸುತ್ತಿದ್ದ ಗ್ಯಾಲಿಕ್ ಆಮ್ಲದ ಮೂಲ ನಮ್ಮ ಅಜ್ಜಿಯರು ಕೂಸಿಗೆ ತೇಯ್ದು ನೆಕ್ಕಿಸುತ್ತಿದ್ದ ಮಾಚಿಕಾಯಿಯಲ್ಲಿದೆ. ಇವುಗಳನ್ನು ಅಳೆದು ಬೆರೆಸುವ ಅಭ್ಯಾಸ ವೈದ್ಯನ ಕೈಗೆ ಮೊದಲೇ ಇತ್ತು. ಅದರ ಜೊತೆಗೆ ಕಂಡದ್ದನ್ನು ದಿನಾಂಕ ಹಾಕಿ ಬರೆದಿಡುವ ಅಭ್ಯಾಸವೂ ಇತ್ತು.

ಈ ಎರಡನೆಯದು ನನಗೆ ಹೆಚ್ಚು ಮುಖ್ಯ. ಹೆಸರು, ದಿನಾಂಕ, ಎಡ-ಬಲದ ಗುರುತು ಇಲ್ಲದ ಎಕ್ಸ್-ರೇ ಎಷ್ಟು ಸ್ಪಷ್ಟವಾಗಿದ್ದರೂ ವೈದ್ಯನಿಗೆ ಉಪಯೋಗವಿಲ್ಲ. ಅದನ್ನು ನಂಬಿ ಚಿಕಿತ್ಸೆ ಮಾಡುವುದು ಅಪಾಯ ಕೂಡ. ಮೂಳೆ ಮುರಿದದ್ದು ಕಾಣುತ್ತದೆ, ಯಾರದು ಎಂಬುದು ಮಾತ್ರ ಕಾಣುವುದಿಲ್ಲ.

ಹಂಪಿಯ ಕಲ್ಲಿನ ರಥ

ಗುರುತು ಇದ್ದರೆ ಏನಾಗುತ್ತದೆ ಎಂಬುದಕ್ಕೆ ಹಂಪಿಯ ಉದಾಹರಣೆ ಇದೆ. ಮದರಾಸು ಸೇನೆಯ ಅಲೆಕ್ಸಾಂಡರ್ ಗ್ರೀನ್‌ಲಾ 1856ರ ಹೊತ್ತಿಗೆ ಅಲ್ಲಿ ಸುಮಾರು 60 ಚಿತ್ರ ತೆಗೆದ. ಇವನು ವೈದ್ಯನಲ್ಲ, ಸಿಪಾಯಿ. ಮೇಣ ಹೀರಿಸಿದ ದೊಡ್ಡ ಕಾಗದವೇ ನೆಗೆಟಿವ್. ಒಂದೊಂದು ಚಿತ್ರಕ್ಕೂ ನಿಮಿಷಗಟ್ಟಲೆ ಮಸೂರ ತೆರೆದಿಡಬೇಕು, ಎದುರಿನವರು ಅಲುಗಾಡಬಾರದು. ಆ ನೆಗೆಟಿವ್‌ಗಳು ನೂರಕ್ಕೂ ಹೆಚ್ಚು ವರ್ಷ ಮರೆತುಹೋಗಿ, 1980ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಮತ್ತೆ ಸಿಕ್ಕವು. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ, ಅಲ್ಲೇ ನಿಂತು ಮತ್ತೆ ಚಿತ್ರ ತೆಗೆದ.

ಎರಡನ್ನೂ ಜೊತೆಗಿಟ್ಟು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ನಾವೆಲ್ಲ ಐವತ್ತು ರೂಪಾಯಿ ನೋಟಿನಲ್ಲಿ ನೋಡಿದ್ದೇವೆ. ಗ್ರೀನ್‌ಲಾನ ಚಿತ್ರದಲ್ಲಿ ಆ ರಥದ ಮೇಲೆ ಇಟ್ಟಿಗೆಯ ಶಿಖರವಿದೆ. ಇಂದು ಅದಿಲ್ಲ. ಈ ಚಿತ್ರ ಇಲ್ಲದಿದ್ದರೆ ರಥ ಮೊದಲಿನಿಂದಲೂ ಹೀಗೇ ಇತ್ತು ಎಂದು ನಾವು ನಂಬಿಬಿಡುತ್ತಿದ್ದೆವು.

ಆದರೆ ಆ ಕಾಲದ ಚಿತ್ರಗಳಲ್ಲಿ ಒಂದು ಕೊರತೆಯೂ ಇದೆ. ಕಟ್ಟಡದ ಎತ್ತರ ತಿಳಿಯಲೆಂದು ಕಂಬದ ಪಕ್ಕ ಯಾರನ್ನಾದರೂ ನಿಲ್ಲಿಸುವುದು ರೂಢಿಯಾಗಿತ್ತು. ಕಂಬ ಎಲ್ಲಿಯದೆಂದು ಬರೆದಿರುತ್ತಾರೆ. ಉಸಿರು ಬಿಗಿಹಿಡಿದು ನಿಂತವನು ಯಾರೆಂದು ಬರೆದಿರುವುದಿಲ್ಲ. ಶಿವಮೊಗ್ಗದ ಚಿತ್ರಕಾರನ ಕಥೆಯೂ ಇದೇ. ನಮ್ಮ ಆಲ್ಬಮ್ಮಿನ ಮಾಲಿಯ ಕಥೆಯೂ ಇದೇ.

ರಯ್ಯಾನಿನ ತೋಟದಲ್ಲಿ

ಕತಾರಿನ ಮೊದಮೊದಲ ಛಾಯಾಚಿತ್ರಗಳೂ ಒಬ್ಬ ಪ್ರವಾಸಿ ತೆಗೆದವೇ. ಜರ್ಮನಿಯ ಹೆರ್ಮನ್ ಬುರ್ಕಾರ್ಟ್ 1904ರಲ್ಲಿ ಈ ದಾರಿಯಾಗಿ ಬಂದಾಗ ದೋಹಾದ ಚಿತ್ರ ತೆಗೆದ. ನಮ್ಮ ಅಲ್ ರಯ್ಯಾನಿನ ಹೆಸರಿಗೆ ನೀರುಂಡ ನೆಲ ಎಂಬ ಅರ್ಥ. ಮಳೆನೀರು ಬಂದು ನಿಲ್ಲುತ್ತಿದ್ದ ತಗ್ಗು ಪ್ರದೇಶವಾದ್ದರಿಂದ ಆ ಹೆಸರು ಬಂತೆನ್ನುತ್ತಾರೆ. ಅಕ್ಟೋಬರಿನ ನಡುವೆ ಶುರುವಾಗುವ ‘ವಸ್ಮ್’ ಮಳೆ ಚೆನ್ನಾಗಿ ಬಿದ್ದರೆ ಮರುಭೂಮಿಯ ಇಂಥ ತಗ್ಗುಗಳು ವಸಂತದಲ್ಲಿ ಹಸಿರಾಗುತ್ತವೆ.

2008ರಲ್ಲಿ ಆರಂಭವಾದ ಕುರಾನ್ ಸಸ್ಯೋದ್ಯಾನದಲ್ಲಿ ಕುರಾನ್ ಮತ್ತು ಹದೀಸಿನಲ್ಲಿ ಹೆಸರಿರುವ ಗಿಡಗಳನ್ನು ಬೆಳೆಸಿದ್ದಾರೆ. ದಾಳಿಂಬೆ, ಅಂಜೂರ, ಕಾಮಕಸ್ತೂರಿಗಳ ನಡುವೆ ನಡೆಯುವಾಗ ನನಗೆ ಬುಕನನ್ ಕಂಡ ಬೆಂಗಳೂರಿನ ಮಡಿಗಳು ನೆನಪಾದವು. ಅಲ್ಲಿ ನೆಟ್ಟ ಮೊದಲ ಗಿಡ ಸಿದ್ರ. ಸಿದ್ರದ ಎಲೆ, ಮುಳ್ಳು, ಹಣ್ಣು ನೋಡಿದರೆ ಕನ್ನಡದವರಿಗೆ ಪರಿಚಯ ಬೇಕಿಲ್ಲ. ಅದು ನಮ್ಮ ಎಲಚಿಯ ಹತ್ತಿರದ ನೆಂಟ. ಸಂಕ್ರಾಂತಿಯಲ್ಲಿ ಮಕ್ಕಳಿಗೆ ಆರತಿ ಮಾಡಿ ತಲೆಯ ಮೇಲಿಂದ ಎರೆಯುವ ಎಲಚಿ! ಮೊಮ್ಮಗಳು ಮರದ ಕೆಳಗೆ ನಿಂತು ಚಿತ್ರ ತೆಗೆಸಿಕೊಂಡಳು.

ಅಲ್ಲಿಂದ ಹತ್ತಿರದಲ್ಲೇ ಎಂ. ಎಫ್. ಹುಸೇನರ ‘ಸೀರೂ ಫಿ ಅಲ್ ಅರ್ದ್’ ಇದೆ. ‘ಭೂಮಿಯ ಮೇಲೆ ಸಂಚರಿಸಿ’ ಎಂಬರ್ಥದ ಕುರಾನಿನ ಮಾತು ಅದರ ಹೆಸರು. ಗಾಜಿನ ಕುದುರೆಗಳೂ ಹಳೆಯ ಮೋಟಾರು ಕಾರುಗಳೂ ಸುತ್ತುವ ಈ ಕೃತಿ ಜನರಿಗೆ ತೆರೆದದ್ದು 2019ರಲ್ಲಿ. ಹುಸೇನರು 2010ರಲ್ಲಿ ಕತಾರಿನ ಪೌರತ್ವ ಪಡೆದು, 2011ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಊರು ಬಿಟ್ಟು ಬಂದವರು ಬಿಟ್ಟುಹೋಗುವ ಗುರುತು ಎಂಥದ್ದು ಎಂದು ಅದರ ಮುಂದೆ ನಿಂತಾಗ ಯೋಚನೆ ಬಂತು. ಅವರದು ದೊಡ್ಡ ಹೆಸರು, ಅದಕ್ಕೆ ಕಟ್ಟಡವೇ ಆಯಿತು. ನಮ್ಮಂಥವರು ವೀಸಾ ಮುಗಿದ ದಿನ ಮನೆ ಖಾಲಿ ಮಾಡಿ ಹೊರಡುತ್ತೇವೆ. ಇಪ್ಪತ್ತು, ಮೂವತ್ತು ವರ್ಷ ಇಲ್ಲಿ ಬದುಕಿದ್ದಕ್ಕೆ ಉಳಿಯುವ ಸಾಕ್ಷಿ ಎಂದರೆ ಚಿತ್ರಗಳೇ.

ಆ ದಿನ ಸಿದ್ರದ ಹತ್ತಿರ ನೀರಿನ ಕೊಳವೆ ಸರಿಪಡಿಸುತ್ತಿದ್ದ ಮಾಲಿಯೊಬ್ಬರು ನಮ್ಮ ಚಿತ್ರದ ಅಂಚಿನಲ್ಲಿ ಬಂದಿದ್ದರು. ಹಿಂದೆ ಆಗಿದ್ದರೆ ಅವರನ್ನು ಕತ್ತರಿಸಿಬಿಡುತ್ತಿದ್ದೆ. ಈ ಸಲ ಹೋಗಿ ಹೆಸರು ಕೇಳಿದೆ, ಊರು ಕೇಳಿದೆ, ಚಿತ್ರ ಇಟ್ಟುಕೊಳ್ಳಲೇ ಎಂದೂ ಕೇಳಿದೆ. ಇಟ್ಟುಕೊಳ್ಳಿ, ಎಲ್ಲೂ ಅಚ್ಚು ಹಾಕಬೇಡಿ ಎಂದು ನಕ್ಕರು. ಆದ್ದರಿಂದ ಅವರ ಹೆಸರು ಇಲ್ಲಿಲ್ಲ, ನನ್ನ ಟಿಪ್ಪಣಿಯಲ್ಲಿದೆ.

ಒಂದು ವಿನಂತಿ

ಆರುನೂರು ಚಿತ್ರಗಳಲ್ಲಿ ನಾನು ಕೊನೆಗೆ ನಲವತ್ತನ್ನು ಉಳಿಸಿಕೊಂಡೆ. ಫೋನು ದಿನಾಂಕವನ್ನೂ ಜಾಗವನ್ನೂ ತಾನೇ ಬರೆದುಕೊಂಡಿರುತ್ತದೆ. ಒಬ್ಬರಿಂದೊಬ್ಬರಿಗೆ ವಾಟ್ಸಾಪಿನಲ್ಲಿ ಕಳುಹಿಸುವಾಗ ಅದು ಬಿಟ್ಟುಹೋಗುವುದುಂಟು. ಯಾರು, ಯಾವ ಗಿಡ, ಯಾವ ಸಂದರ್ಭ ಎಂಬುದನ್ನಂತೂ ನಾವೇ ಬರೆಯಬೇಕು. ನಲವತ್ತಕ್ಕೂ ಒಂದೊಂದು ಸಾಲು ಬರೆದು, ಮುದ್ರಿಸಿ, ಆಲ್ಬಮ್ಮಿಗೆ ಹಾಕಿದೆ. ಎರಡು ಸಂಜೆಯ ಕೆಲಸ.

ಸಂಘದ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೇ. ಮನೆಯಲ್ಲಿ ಹಿರಿಯರಿದ್ದರೆ ಈ ರಜೆಯಲ್ಲಿ ಹಳೆಯ ಆಲ್ಬಮ್ಮನ್ನು ಅವರ ಮುಂದಿಟ್ಟು ಕೂತುಕೊಳ್ಳಿ. ಅವರು ಹೇಳಿದ್ದನ್ನು ಚಿತ್ರದ ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲ್ಲಿನಲ್ಲಿ, ಒತ್ತದೆ ಬರೆಯಿರಿ. ಶಾಯಿ ಬೇಡ, ಮುಂಬದಿಗೆ ಇಳಿಯುತ್ತದೆ. ನಮ್ಮ ರಾಜ್ಯೋತ್ಸವ, ಯುಗಾದಿಯ ಚಿತ್ರಗಳಿಗೂ ಹಾಗೆಯೇ ಮಾಡೋಣ. ವೇದಿಕೆಯ ಮೇಲಿದ್ದವರ ಹೆಸರಿನ ಜೊತೆಗೆ, ಹಿಂದೆ ಅಡುಗೆ ಬಡಿಸಿದವರ, ಕುರ್ಚಿ ಜೋಡಿಸಿದವರ ಹೆಸರೂ ಇರಲಿ.

ಲಾಲ್‌ಬಾಗಿನ ಚಿತ್ರದ ಹಿಂದೆಯೂ ಬರೆದೆ: ಗಾಜಿನ ಮನೆ, ಬೆಂಗಳೂರು. ಅಮ್ಮ. ನಾನು, ವಯಸ್ಸು ಐದೋ ಆರೋ. ಅಮ್ಮನ ಸ್ನೇಹಿತೆ, ಹೆಸರು ಗೊತ್ತಿಲ್ಲ. ಮಾಲಿ, ಹೆಸರು ಗೊತ್ತಿಲ್ಲ.

ಮೊಮ್ಮಗಳು ಓದಿ ನೋಡಿ, ಕೊನೆಯ ಎರಡು ಸಾಲಿನ ಪಕ್ಕದಲ್ಲಿ ಸ್ವಲ್ಪ ಜಾಗ ಬಿಡು ತಾತ ಎಂದಳು. ಬಿಟ್ಟಿದ್ದೇನೆ.